ಎಚ್.ಐ.ವಿ. ತಡೆಗಟ್ಟುವಿಕೆ: ಯುವಜನರಿಗೆ ತಿಳಿವಳಿಕೆ ನೀಡುವಲ್ಲಿ ಗ್ರಾಮದ ಹೊಣೆ

ಕೆಳಗಿನ ಪ್ರಸಂಗವನ್ನು ಗಮನಿಸಿರಿ. ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದ ಯುವಕನೊಬ್ಬನು ಜಾತ್ರೆಗೆ ಊರಿಗೆ ಬಂದಿರುತ್ತಾನೆ. ತನಗೆ ಎಚ್.ಐ.ವಿ. ಸೋಂಕು ತಗುಲಿರಬಹುದೆಂಬ ಅಂಜಿಕೆ ಅವನನ್ನು ತಿಂಗಳುಗಳಿಂದ ಕಾಡುತ್ತಿರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಉಚಿತವೆಂಬುದನ್ನು ಅವನು ಬಲ್ಲನು. ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಾನೆ. ಆದರೆ ಪರೀಕ್ಷಾ ಕೊಠಡಿಯ ಮುಂದಿನ ಬೆಂಚಿನ ಮೇಲೆ ತನ್ನೂರಿನವರೊಬ್ಬರು ಕುಳಿತಿರುವುದನ್ನು ಕಂಡು, ನಿಶ್ಶಕ್ತಿಯೆಂದು ಹೇಳಿ ಟಾನಿಕ್ ಬರೆಸಿಕೊಂಡು ಮರಳುತ್ತಾನೆ. ಇಂತಹ ಯುವಕರನ್ನು ವೈದ್ಯರಾದ ನಾವು ಆಗಾಗ ಕಾಣುತ್ತೇವೆ. ಅವನನ್ನು ಬಾಗಿಲಿನಿಂದ ಹಿಂದಿರುಗಿಸಿದ್ದು ಊರಿನ ನಾಲಿಗೆಯ ಭಯ. ಆದುದರಿಂದ ಈ ಸೋಂಕನ್ನು ತಡೆಗಟ್ಟುವಲ್ಲಿ ಆಸ್ಪತ್ರೆಗೆ ಇರುವಷ್ಟೇ ಹೊಣೆ ಗ್ರಾಮಕ್ಕೂ ಇರುತ್ತದೆ.

1. ಹಿರಿಯರು ಮೊದಲು ತಿಳಿಯಬೇಕಾದ ವಿಷಯ

ನಮ್ಮ ದೇಶದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕುಳ್ಳ ರಕ್ತ, ಒಬ್ಬರು ಬಳಸಿದ ಸೂಜಿಯನ್ನು ಮತ್ತೊಬ್ಬರು ಬಳಸುವುದು ಹಾಗೂ ಗರ್ಭಧಾರಣೆ, ಹೆರಿಗೆ ಮತ್ತು ಮೊಲೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ ಇದು ಹರಡಬಲ್ಲದು. ಕೈ ಮುಟ್ಟುವುದರಿಂದ, ಸಹಪಂಕ್ತಿಯಲ್ಲಿ ಉಣ್ಣುವುದರಿಂದ, ಒಂದೇ ಬಾವಿಯ ನೀರು ಬಳಸುವುದರಿಂದ ಅಥವಾ ಸೊಳ್ಳೆ ಕಚ್ಚುವುದರಿಂದ ಹರಡುವುದಿಲ್ಲ.

ಸೋಂಕನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧವು ಸಾಮಾನ್ಯ ಬಳಕೆಗೆ ಬಂದಿಲ್ಲ, ಲಸಿಕೆಯೂ ಇಲ್ಲ. ಆದರೆ 2004ರಿಂದ ಸರ್ಕಾರವು ಉಚಿತವಾಗಿ ನೀಡುತ್ತಿರುವ ಎ.ಆರ್.ಟಿ. ಮಾತ್ರೆಗಳನ್ನು ದಿನವೂ ತಪ್ಪದೆ ಸೇವಿಸುವವರು ದುಡಿದು, ಸಂಸಾರ ನಡೆಸಿ, ದೀರ್ಘಕಾಲ ಬಾಳಬಲ್ಲರು. ರಕ್ತದಲ್ಲಿನ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಸೋಂಕು ಹರಡುವುದಿಲ್ಲ. ಗರ್ಭಿಣಿಯು ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಮಗುವನ್ನೂ ಬಹುಮಟ್ಟಿಗೆ ರಕ್ಷಿಸಬಹುದು.

2. ಗ್ರಾಮವು ಮಾಡಬೇಕಾದುದು

ಯುವಜನರು ದುಡಿಮೆಗೆಂದು ಪರಸ್ಥಳಕ್ಕೆ ಹೊರಡುವ ಮುನ್ನವೇ ಅವರಿಗೆ ತಿಳಿವಳಿಕೆ ದೊರೆಯಬೇಕು. ಗ್ರಾಮ ಪಂಚಾಯಿತಿ, ಯುವಕ ಮಂಡಲ, ಸ್ತ್ರೀಶಕ್ತಿ ಸಂಘ ಮತ್ತು ಹಾಲು ಉತ್ಪಾದಕರ ಸಂಘಗಳು ಆರೋಗ್ಯ ಸಿಬ್ಬಂದಿಯನ್ನು ಕರೆಸಿ ಸಭೆ ನಡೆಸಬಹುದು. ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕವಾಗಿ ಕೂಟ ಏರ್ಪಡಿಸುವುದು ಲೇಸು. ಬಾಯಿಬಿಟ್ಟು ಕೇಳಲು ನಾಚುವವರಿಗಾಗಿ ಒಂದು ಡಬ್ಬಿಯನ್ನಿಟ್ಟು, ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆಗಳನ್ನು ಪಡೆದು ಎಲ್ಲರೆದುರು ಉತ್ತರಿಸಬೇಕು. ನಿರೋಧ್ ಬಳಕೆಯ ವಿಷಯವನ್ನು ಸಂಕೋಚದಿಂದ ಬಿಟ್ಟುಬಿಡಬಾರದು. ಅದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ.

ಹೆಣ್ಣುಮಕ್ಕಳನ್ನು ಮರೆಯಬಾರದು. ಯುವಕನು ಏನಾದರೊಂದು ನೆಪ ಹೇಳಿ ಪೇಟೆಗೆ ಹೋಗಬಲ್ಲನು; ಯುವತಿಯು ಒಬ್ಬಳೇ ಆಸ್ಪತ್ರೆಗೆ ಹೊರಟರೆ ಹತ್ತು ಪ್ರಶ್ನೆಗಳು ಏಳುತ್ತವೆ. ಆಶಾ ಕಾರ್ಯಕರ್ತೆಯೋ ನಂಬಿಕಸ್ಥ ಹಿರಿಯಳೋ ಜೊತೆಗೆ ನಡೆದರೆ ಅವಳಿಗೆ ಧೈರ್ಯ ಬರುತ್ತದೆ. 18 ವರ್ಷ ತುಂಬದವರ ಪರೀಕ್ಷೆಗೆ ತಂದೆತಾಯಿಗಳ ಅಥವಾ ಪೋಷಕರ ಒಪ್ಪಿಗೆ ಅಗತ್ಯವಿರುವುದರಿಂದ, ಮಕ್ಕಳು ಹೆದರದೆ ಮಾತನಾಡುವಂತಹ ವಾತಾವರಣ ಮನೆಯಲ್ಲಿರಬೇಕು. ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ಗಳ ಪ್ರಯೋಜನವನ್ನೂ ಪಡೆಯಬಹುದು.

3. ಗ್ರಾಮವು ಮಾಡಬಾರದುದು

ತಿಳಿವಳಿಕೆಯು ಎಲ್ಲರ ಸೊತ್ತು. ಆದರೆ ಪರೀಕ್ಷೆಯ ಫಲಿತಾಂಶವು ಪರೀಕ್ಷೆಗೊಳಗಾದವನ ಸೊತ್ತು. ಆಪ್ತಸಮಾಲೋಚಕರು ಪರೀಕ್ಷೆಗೆ ಮುನ್ನ ಮತ್ತು ಅನಂತರ ಬಂದವರೊಡನೆ ಏಕಾಂತದಲ್ಲಿ ಮಾತನಾಡುತ್ತಾರೆ. ಸೋಂಕು ತಗುಲಿದ ಹೊಸದರಲ್ಲಿ ಅದು ಪರೀಕ್ಷೆಯಲ್ಲಿ ಕಾಣದಿರಬಹುದಾದುದರಿಂದ, ಸಂಶಯವಿದ್ದರೆ ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿಕೊಳ್ಳಲು ಸಲಹೆ ನೀಡುತ್ತಾರೆ. ಆ ಕೊಠಡಿಯ ಮಾತು ಅರಳಿಕಟ್ಟೆಗೆ ಬರಬಾರದು. ಪರಸ್ಥಳದಿಂದ ಬಂದವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಲೇಬೇಕೆಂದು ಊರು ಕಟ್ಟಳೆ ವಿಧಿಸುವುದು, ಹೆಸರುಗಳ ಪಟ್ಟಿ ತಯಾರಿಸುವುದು, ಆಶಾ ಕಾರ್ಯಕರ್ತೆಯನ್ನು ಕೆಣಕಿ ಗುಟ್ಟು ಕೇಳುವುದು ಇವೆಲ್ಲ ತಪ್ಪು. 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದಿರುವ 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ತಿಳಿದು ನೀಡಿದ ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ, ಸೋಂಕಿತರಿಗೆ ಶಾಲೆ, ಉದ್ಯೋಗ ಮತ್ತು ಚಿಕಿತ್ಸೆಗಳಲ್ಲಿ ಭೇದ ತೋರುವುದನ್ನೂ ನಿಷೇಧಿಸುತ್ತದೆ. ಸೋಂಕಿತರ ಗುಟ್ಟಿಗೆ ರಕ್ಷಣೆ ನೀಡುತ್ತದೆ.

ಒಂದು ಗುಟ್ಟು ಬಯಲಾದರೆ ಆ ಊರಿನ ಹತ್ತು ಮಂದಿ ಪರೀಕ್ಷೆಗೆ ಬರುವುದನ್ನು ನಿಲ್ಲಿಸುತ್ತಾರೆ. ಹಾಗೆ ನಿಂತವರಲ್ಲಿ ಸೋಂಕುಳ್ಳವನು ಒಬ್ಬನಿದ್ದರೂ, ಅವನ ಮುಂದಿನ ಹೆಂಡತಿ ಮಕ್ಕಳು ಅದರ ಫಲವನ್ನು ಅನುಭವಿಸಬೇಕಾದೀತು.

ನೆನಪಿಡಿರಿ

ಸಂಶಯ ನಿವಾರಣೆಗೆ 1097 ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಬಹುದು; ಹೆಸರು ಹೇಳಬೇಕಾಗಿಲ್ಲ. ಇನ್ನು ಮುಂದೆ ಪರೀಕ್ಷಾ ಕೊಠಡಿಯ ಮುಂದೆ ತಮ್ಮೂರಿನ ಯುವಕನೊಬ್ಬನು ತಮ್ಮ ಕಣ್ಣಿಗೆ ಬಿದ್ದರೆ, ಎಂದಿನಂತೆ ಕುಶಲ ಕೇಳಿರಿ. ಊರಿಗೆ ಮರಳಿದ ಮೇಲೆ ಆ ವಿಷಯವನ್ನು ಯಾರಲ್ಲಿಯೂ ಎತ್ತದಿರಿ. ಇಷ್ಟು ಮಾಡಿದರೆ ತಾವು ಅವನಿಗೆ ದೊಡ್ಡ ಉಪಕಾರ ಮಾಡಿದಂತಾಗುತ್ತದೆ.