ಅಚ್ಚಿನ ಚಿತ್ರಕ್ಕೆ ತಕ್ಕ ಅಳತೆ

ಕಳೆದ ವರ್ಷದ ನಮ್ಮ ಸಂಚಿಕೆಯಲ್ಲಿ ಹತ್ತನೆಯ ತರಗತಿಯ ಸಮೂಹಚಿತ್ರವೊಂದು ಅಚ್ಚಾಗಿತ್ತು. ಮೊಬೈಲಿನ ಪರದೆಯ ಮೇಲೆ ಅದನ್ನು ನೋಡಿ ನಾವೆಲ್ಲರೂ ಮೆಚ್ಚಿದ್ದೆವು. ಅಚ್ಚಾಗಿ ಬಂದಾಗ ಮುಖಗಳೆಲ್ಲ ಮಂಜು ಕವಿದಂತೆ ಮಸುಕಾಗಿದ್ದವು. ಸಂಚಿಕೆಯನ್ನು ಊರಿಗೆ ಕಳುಹಿಸಿದ ಗೆಳೆಯನೊಬ್ಬನನ್ನು ಅವನ ಅಜ್ಜಿ, “ಇದರಲ್ಲಿ ನೀನು ಯಾವನಪ್ಪಾ?” ಎಂದು ಕೇಳಿದರಂತೆ. ತಪ್ಪು ನಮ್ಮದೇ ಆಗಿತ್ತು. ಅದು ಮರುಕಳಿಸದಿರಲೆಂದು ಈ ಪಾಠವನ್ನು ಬರೆಯುತ್ತಿದ್ದೇವೆ.

ಗಣಕಯಂತ್ರದಲ್ಲಿರುವ ಛಾಯಾಚಿತ್ರವು ಪಿಕ್ಸೆಲ್ ಎಂಬ ಬಣ್ಣದ ಬಿಂದುಗಳ ಸಾಲುಗಳಿಂದಾದುದು. ಅಗಲಕ್ಕೆ ಎಷ್ಟು ಬಿಂದು, ಎತ್ತರಕ್ಕೆ ಎಷ್ಟು ಬಿಂದು ಎಂಬುದಷ್ಟೇ ಅದರಲ್ಲಿ ನಿಶ್ಚಿತ. ಅಂಗುಲದ ಅಳತೆ ಅಚ್ಚಾಗುವಾಗ ಬರತಕ್ಕದ್ದು. ಚುಕ್ಕಿ ರಂಗವಲ್ಲಿಯನ್ನು ನೆನೆಯಿರಿ. ಸಾಲಿಗೆ 11 ಚುಕ್ಕಿಗಳನ್ನು ಒತ್ತೊತ್ತಾಗಿ ಇಟ್ಟರೆ ರಂಗವಲ್ಲಿ ಹೊಸಿಲ ಬದಿಯಲ್ಲಿ ಅಡಗುತ್ತದೆ. ದೂರದೂರ ಇಟ್ಟರೆ ಅಂಗಳವನ್ನೇ ತುಂಬುತ್ತದೆ. ಚುಕ್ಕಿಗಳು ಮಾತ್ರ 11 ಆಗಿಯೇ ಉಳಿಯುತ್ತವೆ.

ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಅಂಗುಲವೊಂದಕ್ಕೆ 300 ಬಿಂದುಗಳಿರಬೇಕೆಂಬುದು ಮುದ್ರಣದ ರೂಢಿ. ದೂರದಿಂದ ನೋಡುವ ಭಿತ್ತಿಪತ್ರಕ್ಕೆ 150 ಸಾಕಾದೀತು. ನಾವು ಮುದ್ರಣಾಲಯಕ್ಕೆ ಕೊಟ್ಟುದು, ಮೊಬೈಲಿನಿಂದ ಮೊಬೈಲಿಗೆ ಸಂದೇಶವಾಗಿ ಸಾಗಿ ಕಿರಿದಾಗಿದ್ದ ಪ್ರತಿ. ಅದರ ಅಗಲ 800 ಬಿಂದುಗಳು. ಅದನ್ನು 8 ಅಂಗುಲ ಅಗಲಕ್ಕೆ ಹಿಗ್ಗಿಸಿದೆವು. ಅಂಗುಲಕ್ಕೆ 100 ಬಿಂದುಗಳಷ್ಟೇ ದೊರೆತವು. ಒಂದು ಸಾಲಿನಲ್ಲಿ 20 ಮಂದಿ ನಿಂತಿದ್ದುದರಿಂದ ಒಬ್ಬೊಬ್ಬರ ಪಾಲಿಗೆ 40 ಬಿಂದುಗಳ ಅಗಲ! ಅಷ್ಟರಲ್ಲಿ ಕಣ್ಣು, ಮೂಗು, ನಗೆ ಎಲ್ಲಿ ಮೂಡಬೇಕು?

1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಎಂಬವರು ತಮ್ಮ ಎಳೆಯ ಮಗನ ಛಾಯಾಚಿತ್ರವನ್ನು ಗಣಕಯಂತ್ರಕ್ಕೆ ಊಡಿಸಿದರು. ಈ ಬಗೆಯ ಚಿತ್ರಗಳಲ್ಲಿ ಅದೇ ಮೊದಲನೆಯದು. ಅದರಲ್ಲಿದ್ದುದು ಅಗಲಕ್ಕೆ 176, ಎತ್ತರಕ್ಕೆ 176 ಬಿಂದುಗಳು. ಇಂದಿನ ರೂಢಿಯಂತೆ ಅಚ್ಚು ಮಾಡಿದರೆ ಅದರ ಅಗಲ ಒಂದೂವರೆ ಸೆಂಟಿಮೀಟರನ್ನು ಮೀರದು.

ಇನ್ನು ಲೆಕ್ಕ. ಚಿತ್ರ ಬರಬೇಕಾದ ಜಾಗವನ್ನು ಮೊದಲು ಅಳತೆಪಟ್ಟಿಯಿಂದ ಅಳೆಯಬೇಕು. ಸೆಂಟಿಮೀಟರನ್ನು 2.54ರಿಂದ ಭಾಗಿಸಿದರೆ ಅಂಗುಲ. ಅಂಗುಲವನ್ನು 300ರಿಂದ ಗುಣಿಸಿದರೆ ಬೇಕಾದ ಬಿಂದುಗಳು. ಪುಟದಲ್ಲಿ 12.7 ಸೆಂಟಿಮೀಟರ್ ಅಗಲದ ಜಾಗವಿದೆ ಎನ್ನೋಣ. ಅದು 5 ಅಂಗುಲ. ಬೇಕಾದುದು 1500 ಬಿಂದುಗಳು.

ಅಳತೆಯನ್ನು ಬದಲಿಸುವ ಮಾರ್ಗಗಳು ಎರಡು. ಬಿಂದುಗಳ ಸಂಖ್ಯೆಯನ್ನು ಮುಟ್ಟದೆ ಅಂಗುಲಕ್ಕೆ ಎಷ್ಟೆಂಬುದನ್ನು ಮಾತ್ರ ಬದಲಿಸುವುದು ಮೊದಲನೆಯದು. ಇದರಿಂದ ಚಿತ್ರಕ್ಕೆ ಯಾವ ನಷ್ಟವೂ ಇಲ್ಲ. ಸಂಖ್ಯೆಯನ್ನೇ ಬದಲಿಸುವುದು ಎರಡನೆಯದು. ಇದಕ್ಕೆ ರೀಸ್ಯಾಂಪಲ್ ಎಂದು ಹೆಸರು. ತಗ್ಗಿಸಿದಾಗ ಯಂತ್ರವು ನೆರೆಯ ಬಿಂದುಗಳನ್ನು ಬೆರೆಸಿ ಒಂದಾಗಿಸುತ್ತದೆ. ಹೆಚ್ಚಿಸಿದಾಗ ನಡುನಡುವೆ ಹೊಸ ಬಿಂದುಗಳನ್ನು ಊಹಿಸಿ ತುಂಬುತ್ತದೆ. ಊಹೆಯಿಂದ ಸಂಖ್ಯೆ ಬೆಳೆದೀತು. ಕಳೆದುಹೋದ ಮುಖ ಮರಳಿ ಬಾರದು. ಆದುದರಿಂದ ಕ್ಯಾಮರಾದ ಮೂಲಚಿತ್ರವನ್ನು ಜೋಪಾನವಾಗಿಟ್ಟು, ಅದರ ನಕಲಿನಲ್ಲಿ ಮಾತ್ರ ಕೆಲಸ ಮಾಡಬೇಕು.

ಮತ್ತೆರಡು ಎಚ್ಚರಿಕೆಗಳುಂಟು. ಅಗಲ ಮತ್ತು ಎತ್ತರಗಳನ್ನು ಒಂದೇ ಪ್ರಮಾಣದಲ್ಲಿ ಬದಲಿಸದಿದ್ದರೆ ದುಂಡುಮುಖ ಸೋರೆಕಾಯಿಯಾದೀತು. ಜಾಗದ ಆಕಾರ ಬೇರೆಯಾಗಿದ್ದರೆ ಅಂಚನ್ನು ಕತ್ತರಿಸುವುದೇ ಲೇಸು. ಪ್ರಿಂಟರಿಗೆ ಕಳುಹಿಸುವಾಗ ‘ಪುಟಕ್ಕೆ ಹೊಂದಿಸು’ ಎಂಬುದನ್ನು ಬಿಟ್ಟು ನೂರಕ್ಕೆ ನೂರು ಅಳತೆಯನ್ನು ಆರಿಸಬೇಕು. ಇಲ್ಲವಾದರೆ ನಮ್ಮ ಲೆಕ್ಕವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಈ ವರ್ಷದ ಸಮೂಹಚಿತ್ರದ ಮೂಲಪ್ರತಿಯನ್ನೇ ತರಿಸಿದ್ದೇವೆ. ಅದರ ಅಗಲ 4000 ಬಿಂದುಗಳು. 8 ಅಂಗುಲಕ್ಕೆ ಬೇಕಾದುದು 2400. ಆ ಗೆಳೆಯನ ತಮ್ಮ ಈ ಸಲ ಎರಡನೆಯ ಸಾಲಿನಲ್ಲಿ ನಿಂತಿದ್ದಾನೆ. ಅಜ್ಜಿ ಅವನನ್ನು ಗುರುತಿಸುವರೆಂದು ನಂಬಿದ್ದೇವೆ.

ಅಭ್ಯಾಸ: ಅರ್ಜಿಗೆ ಅಂಟಿಸುವ ಭಾವಚಿತ್ರ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರವಿರಬೇಕು. ಅಂಗುಲಕ್ಕೆ 300ರಂತೆ ಎಷ್ಟು ಬಿಂದುಗಳು ಬೇಕು? (ಉತ್ತರ: ಸುಮಾರು 413 ಮತ್ತು 531.)