ಸ್ವಂತ ರೋಲ್‌ಪ್ಲೇಯಿಂಗ್ ಆಟದ ಪ್ರಕಟಣೆ: ಮೊದಲು ಅನುಮತಿ, ಬಳಿಕ ಬರವಣಿಗೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನು ಹೊರತಂದಂದಿನಿಂದ, ಮೇಜಿನ ಸುತ್ತ ಕುಳಿತು ದಾಳವುರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಈ ಆಟ ನೂರಾರು ಕವಲೊಡೆದು ಬೆಳೆದಿದೆ. ಇಂದು ಸಂಸ್ಥೆಯೊಂದರ ಆಶ್ರಯವಿಲ್ಲದ ಏಕಾಂಗಿ ರಚನಕಾರನೂ ತನ್ನ ಆಟವನ್ನು ಪಿಡಿಎಫ್ ರೂಪದಲ್ಲಿ ದೇಶಾಂತರಗಳಿಗೆ ಮಾರಬಲ್ಲನು. ಆದರೆ ಉತ್ಸಾಹಿಗಳನೇಕರು ಬರೆದು ಮುಗಿಸಿ, ಚಿತ್ರಗಳಿಗೆ ಹಣ ತೆತ್ತು, ಕಟ್ಟಕಡೆಗೆ ಅನುಮತಿಯ ವಿಚಾರಕ್ಕೆ ಬರುತ್ತಾರೆ. ಈ ಕ್ರಮ ತಲೆಕೆಳಗಾದುದು.

1. ಅನುಮತಿ

ಆಟದ ವಿಧಾನಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ವಿವರಿಸಿದ ಮಾತುಗಳಿಗೆ ಉಂಟು. ಆದುದರಿಂದ ನಿಯಮಗಳೆಲ್ಲವನ್ನೂ ಸ್ವಂತ ಮಾತಿನಲ್ಲಿ ಬರೆದವನ ಮಾರ್ಗ ನಿಷ್ಕಂಟಕ. ಪ್ರಸಿದ್ಧ ಆಟದ ಮೇಲೆ ಕಟ್ಟುವವರು ಮಾತ್ರ ಎಚ್ಚರದಿಂದಿರಬೇಕು. ತನ್ನ ಮುಕ್ತ ಪರವಾನಗಿಯನ್ನು ಬದಲಿಸಹೊರಟು ತೀವ್ರ ಪ್ರತಿಭಟನೆಯನ್ನೆದುರಿಸಿದ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಇಂದಿನ ಪ್ರಕಾಶಕ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯು, 2023ರ ಜನವರಿಯಲ್ಲಿ ಆ ಆಟದ ಐದನೆಯ ಆವೃತ್ತಿಯ ಎಸ್‌ಆರ್‌ಡಿ 5.1 ಎಂಬ ನಿಯಮಸಾರವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಆ ಅನುಮತಿಯನ್ನು ಹಿಂತೆಗೆದುಕೊಳ್ಳುವಂತಿಲ್ಲ, ನಿಯಮಸಾರದಲ್ಲಿ ಸೂಚಿಸಿದ ಋಣಸ್ಮರಣೆಯ ವಾಕ್ಯವನ್ನು ಯಥಾವತ್ತಾಗಿ ಮುದ್ರಿಸಿದವರು ಅದನ್ನು ಬಳಸಿ ಮಾರಬಹುದು.

ಪ್ರಮಾದ ಸಂಭವಿಸುವುದು ಇಲ್ಲಿಯೇ. ನಿಯಮಸಾರವು ಸಂಸ್ಥೆಯ ಗ್ರಂಥಗಳ ಒಂದಂಶವೇ ಹೊರತು ಗ್ರಂಥವೇ ಅಲ್ಲ. ಅಂಗಡಿಯಲ್ಲಿ ಕೊಂಡ ಪುಸ್ತಕದಲ್ಲಿದೆಯೆಂಬ ಕಾರಣದಿಂದ ಯಾವ ರಾಕ್ಷಸನೂ ಯಾವ ಮಂತ್ರವೂ ನಿಮ್ಮದಾಗದು. ಬರೆಯುವಾಗ ಪುಸ್ತಕವನ್ನು ಮುಚ್ಚಿಟ್ಟು ನಿಯಮಸಾರವನ್ನಷ್ಟೇ ತೆರೆದಿಡಿ. ಅದರಲ್ಲಿಲ್ಲದ ಹೆಸರು ಕಂಡಲ್ಲಿ ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ. ಮುಖಪುಟದಲ್ಲಿ ಆ ಆಟದ ಹೆಸರನ್ನೂ ಲಾಂಛನವನ್ನೂ ಹಾಕಬೇಡಿ. ಐದನೆಯ ಆವೃತ್ತಿಗೆ ಹೊಂದುವಂಥದೆಂದರೆ ಸಾಕು. ಡಿಎಮ್ಸ್ ಗಿಲ್ಡ್ ಎಂಬ ಮಳಿಗೆ ಸಂಸ್ಥೆಯ ಕಥಾಲೋಕವನ್ನೇ ಬಳಸಗೊಡುತ್ತದೆ, ನಿಜ. ಆದರೆ ಆದಾಯದ ಅರ್ಧಭಾಗವಷ್ಟೇ ನಿಮಗೆ, ಮತ್ತು ಆ ಕೃತಿಯನ್ನು ಬೇರೆಲ್ಲಿಯೂ ಮಾರುವಂತಿಲ್ಲ. ನೀವೇ ಸೃಷ್ಟಿಸಿದ ಲೋಕವನ್ನು ಅಲ್ಲಿ ಒತ್ತೆಯಿಡಬೇಡಿರೆಂಬುದೇ ನನ್ನ ಖಚಿತವಾದ ಅಭಿಪ್ರಾಯ.

2. ಪರೀಕ್ಷೆ

ಹಸ್ತಪ್ರತಿಯನ್ನು ಅಪರಿಚಿತರ ಗುಂಪಿಗೆ ಕೊಟ್ಟು, ಅವರು ಆಡುವಾಗ ಮೌನವಾಗಿರಿ. ಅವರು ತಡವರಿಸಿದ ಪುಟವೇ ತಿದ್ದತಕ್ಕ ಪುಟ. ನೀವು ಬಾಯಿಬಿಟ್ಟು ವಿವರಿಸಿದ ಮಾತು ಕೊಂಡವನ ಮನೆಗೆ ಹೋಗುವುದಿಲ್ಲ.

3. ರೂಪ

ಎ5 ಅಳತೆ ಚೊಚ್ಚಲ ಕೃತಿಗೆ ಸಾಕು. ಪಿಡಿಎಫ್‌ನಲ್ಲಿ ಅಧ್ಯಾಯಗಳಿಗೆ ಬುಕ್‌ಮಾರ್ಕ್ ಇರಲಿ. ಮುದ್ರಣಕ್ಕೆ ಕಳುಹಿಸುವ ಪ್ರತಿಯಲ್ಲಿ ಅಂಚಿನವರೆಗೆ ಬರುವ ಚಿತ್ರಗಳನ್ನು 3 ಮಿ.ಮೀ. ಹೊರಚಾಚಿ.

4. ಮಾರಾಟ

ಡ್ರೈವ್‌ಥ್ರೂಆರ್‌ಪಿಜಿ ಎಂಬ ಜಾಲಮಳಿಗೆಯಲ್ಲಿ ರಚನಕಾರನಿಗೆ ಮಾರಾಟದ ಶೇ. 65, ಅಲ್ಲಿ ಮಾತ್ರ ಮಾರಲೊಪ್ಪಿದರೆ ಶೇ. 70 ಸಲ್ಲುತ್ತದೆ. ಇಚ್.ಐಒ ಮಳಿಗೆಯ ಪಾಲನ್ನು ನಿರ್ಧರಿಸುವವರು ನೀವೇ. ನಿರ್ಧರಿಸದಿದ್ದರೆ ಅದು ಶೇ. 10. ಶೇ. 5ರ ಆಸೆಗೆ ಒಂದೇ ಅಂಗಡಿಗೆ ಕಟ್ಟುಬೀಳದೆ ಎರಡರಲ್ಲಿಯೂ ಇಡುವುದು ಲೇಸು.

5. ಪ್ರಚಾರ

ಒಂದು ಸಂಜೆಯಲ್ಲಿ ಆಡಿ ಮುಗಿಯುವ ಕಿರುಸಾಹಸವನ್ನು ಉಚಿತವಾಗಿ ಕೊಡಿ. ಜಾಹೀರಾತಿಗಿಂತ ಅದು ಹೆಚ್ಚು ಫಲಕಾರಿ. ಜನರಿಂದ ಮುಂಗಡ ಹಣ ಕೂಡಿಸಲು ನೆರವಾಗುವ ಕಿಕ್‌ಸ್ಟಾರ್ಟರ್ ಜಾಲತಾಣ ಕಿರುಪುಸ್ತಕದ ಆಟಗಳಿಗಾಗಿ 2019ರಲ್ಲಿ ಜೀನ್ ಕ್ವೆಸ್ಟ್ ಎಂಬ ಅಭಿಯಾನವನ್ನು ಆರಂಭಿಸಿತು. ಭಾರತದ ನಿವಾಸಿಗಳು ಅಲ್ಲಿ ನೇರವಾಗಿ ಯೋಜನೆ ಹೂಡುವಂತಿಲ್ಲವಾದುದರಿಂದ ಇಲ್ಲಿಯವರು ಪಿಡಿಎಫ್ ಮಾರಾಟದಿಂದ ತೊಡಗುವುದೇ ಯುಕ್ತ. ಅಂಚೆವೆಚ್ಚದ ಲೆಕ್ಕವಾಗುವ ತನಕ ಮುದ್ರಿತ ಪ್ರತಿ ಕಳಿಸುವೆನೆಂದು ಯಾರಿಗೂ ಮಾತು ಕೊಡಬೇಡಿ.