ಮೊದಲು ಅರ್ಧ ಪುಟ

ಹತ್ತಕ್ಕೆ ಹತ್ತು ಮನೆಗಳ ಒಂದು ಚೌಕಳಿ ಬರೆದು, ಪ್ರತಿ ಮನೆಯಲ್ಲೂ ಮೇಲಕ್ಕೋ ಕೆಳಕ್ಕೋ ಮುಖ ಮಾಡಿದ ಒಂದು ಬಾಣ ಇಟ್ಟರೆ ಎಷ್ಟು ವಿನ್ಯಾಸಗಳಾಗುತ್ತವೆ? ಒಂದರ ಮುಂದೆ ಮೂವತ್ತು ಸೊನ್ನೆ ಹಾಕಿದರೂ ಸಾಲದು. ಆ ಬಾಣವನ್ನು ನಾವು ಸ್ಪಿನ್ ಅನ್ನುತ್ತೇವೆ. ಅಕ್ಕಪಕ್ಕದ ಸ್ಪಿನ್‌ಗಳು ಒಂದೇ ಕಡೆಗಿದ್ದರೆ ಶಕ್ತಿ ಕಡಿಮೆ, ತಿರುಗುಮುರುಗಾದರೆ ಹೆಚ್ಚು. ಅಯಸ್ಕಾಂತದ ಅತಿ ಸರಳ ಚಿತ್ರವಾದ ಐಸಿಂಗ್ ಮಾದರಿ ಇಷ್ಟೇ. ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್‌ನಲ್ಲಿ ನನ್ನ ಕೆಲಸವೆಲ್ಲ ಇದರ ಸುತ್ತಲೇ ನಡೆದಿದೆ. ಅಷ್ಟೊಂದು ವಿನ್ಯಾಸಗಳನ್ನು ಒಂದೊಂದಾಗಿ ನೋಡಿ ಮುಗಿಸುವುದು ಆಗದ ಮಾತು. ಹಾಗಾಗಿ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವೇ ಥಿಯರಿಯ ಮುಕ್ಕಾಲು ಪಾಲು.

ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುವಾಗ, ಯಾವ ಹೊಸ ಸಮಸ್ಯೆ ಹಿಡಿದುಕೊಂಡು ಹೋದರೂ ನನ್ನ ಗೈಡ್ ಹೇಳುತ್ತಿದ್ದದ್ದು ಒಂದೇ: “ಕೋಡ್ ಆಮೇಲೆ ಬರಿಯೋಣ. ಗೋಡೆ ಹಾಕೋಕೆ ಎಷ್ಟು ಖರ್ಚು, ಹಾಕಿದ್ರೆ ಎಷ್ಟು ಲಾಭ, ಮೊದಲು ಅದನ್ನ ಹೇಳಪ್ಪ.” ಗೋಡೆ ಎಂದರೆ ಮೇಲ್ಮುಖದ ಸ್ಪಿನ್‌ಗಳಿಗೂ ಕೆಳಮುಖದವುಗಳಿಗೂ ನಡುವಿನ ಗಡಿ. ಈ ಖರ್ಚು-ಲಾಭದ ಲೆಕ್ಕ ಅರ್ಧ ಪುಟ ಮೀರುವುದಿಲ್ಲ.

ಸ್ಪಿನ್‌ಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡಿ. ಸಾಲು ಎಷ್ಟೇ ಉದ್ದವಿರಲಿ, ಒಂದು ಗೋಡೆಗೆ ತಗಲುವ ಶಕ್ತಿ ಅಷ್ಟೇ. ಆದರೆ ಗೋಡೆ ಹಾಕಬಹುದಾದ ಜಾಗಗಳು ಸಾಲು ಬೆಳೆದಂತೆ ಹೆಚ್ಚುತ್ತವೆ, ಜೊತೆಗೆ ಆ ಸಾಧ್ಯತೆಗಳ ಅಳತೆಯಾದ ಎಂಟ್ರೊಪಿಯೂ ಹೆಚ್ಚುತ್ತದೆ. ತಾಪ ಸೊನ್ನೆಗಿಂತ ಒಂಚೂರು ಮೇಲಿದ್ದರೂ ಸಾಕು, ಉದ್ದನೆಯ ಸಾಲಿನಲ್ಲಿ ಎಂಟ್ರೊಪಿಯೇ ಗೆಲ್ಲುತ್ತದೆ, ಸ್ಪಿನ್‌ಗಳು ಒಂದೇ ಕಡೆಗಿರುವ ಶಿಸ್ತು ಒಡೆಯುತ್ತದೆ. ಅರ್ನ್ಸ್ಟ್ ಐಸಿಂಗ್ ಹ್ಯಾಂಬರ್ಗ್‌ನಲ್ಲಿ ಬರೆದ ಪ್ರಬಂಧದ ಫಲಿತಾಂಶವೂ ಇದೇ. 1925ರಲ್ಲಿ ಅದು ಅಚ್ಚಾಯಿತು. ಮೂರು ಆಯಾಮದಲ್ಲೂ ಹೀಗೇ ಆಗುತ್ತದೆಂದು ಅವರು ಭಾವಿಸಿದರು.

ಹಾಗಲ್ಲ ಎಂದು 1936ರಲ್ಲಿ ರುಡಾಲ್ಫ್ ಪೈಯರ್ಲ್ಸ್ ತೋರಿಸಿದ ರೀತಿ ನನಗೆ ಇವತ್ತಿಗೂ ಅಚ್ಚುಮೆಚ್ಚು. ಎರಡು ಆಯಾಮದ ಹಾಳೆಯಲ್ಲಿ ಗೋಡೆ ಒಂದು ಗೆರೆಯಾಗುತ್ತದೆ. ಅದರ ಪ್ರತಿ ಹೆಜ್ಜೆಗೂ ಶಕ್ತಿಯ ಖರ್ಚಿದೆ. ಪ್ರತಿ ಹೆಜ್ಜೆಯಲ್ಲೂ ಅದು ನೇರಕ್ಕೆ, ಎಡಕ್ಕೆ ಅಥವಾ ಬಲಕ್ಕೆ ಹೋಗಬಹುದು, ಅಂದರೆ ಹೆಚ್ಚೆಂದರೆ ಮೂರು ಆಯ್ಕೆ. ಹಾಗಾಗಿ ಖರ್ಚೂ ಎಂಟ್ರೊಪಿಯೂ ಗೋಡೆಯ ಉದ್ದದ ಜೊತೆ ಸಮಸಮವಾಗಿ ಬೆಳೆಯುತ್ತವೆ, ಯಾರು ಗೆಲ್ಲುತ್ತಾರೆ ಎಂಬುದು ತಾಪದ ಕೈಯಲ್ಲಿದೆ. ಎರಡು ಸ್ಪಿನ್‌ಗಳ ನಡುವಿನ ಶಕ್ತಿಯನ್ನು ಒಂದು ಎಂದಿಟ್ಟುಕೊಂಡರೆ, ಸುಮಾರು 1.82ರ ತಾಪದವರೆಗೆ ಶಿಸ್ತು ಉಳಿಯಬೇಕೆಂದು ಈ ಒರಟು ಲೆಕ್ಕ ಹೇಳುತ್ತದೆ. 1944ರಲ್ಲಿ ಲಾರ್ಸ್ ಆನ್ಸಾಗರ್ ಮೂವತ್ತಕ್ಕೂ ಹೆಚ್ಚು ಪುಟಗಳ ಗಣಿತದಿಂದ ಕಂಡುಕೊಂಡ ಪಕ್ಕಾ ಉತ್ತರ 2.27. ಅರ್ಧ ಪುಟದ ಲೆಕ್ಕ ಇಷ್ಟು ಹತ್ತಿರ ಹೋಗುತ್ತದಲ್ಲ ಎಂದು ಆಗ ರೋಮಾಂಚನವಾಗಿತ್ತು, ಈಗಲೂ ಆಗುತ್ತದೆ.

ಕಂಪ್ಯೂಟರ್ ಕೆಲಸದಲ್ಲೂ ಇದೇ ಅಭ್ಯಾಸ ಕಾಯುತ್ತದೆ. ಹೊಸ ಕೋಡ್ ಬರೆದಾಗ ಮೊದಲು ಎರಡಕ್ಕೆ ಎರಡರ ಚೌಕ ಹಾಕುತ್ತೇನೆ. ಅಲ್ಲಿ ಇರುವುದು 16 ವಿನ್ಯಾಸ, ಅವುಗಳಲ್ಲಿ 12ರ ಶಕ್ತಿ ಸೊನ್ನೆ, ಎರಡರದು ಕನಿಷ್ಠ, ಎರಡರದು ಗರಿಷ್ಠ. ಕೈಯಲ್ಲಿ ಮಾಡಿದ ಈ ಲೆಕ್ಕಕ್ಕೂ ಕೋಡಿಗೂ ತಾಳೆಯಾಗದಿದ್ದರೆ ಮುಂದೆ ಹೋಗುವುದಿಲ್ಲ. ಶಿಸ್ತು ಒಡೆಯುವ ತಾಪದ, ಅಂದರೆ ಕ್ರಾಂತಿತಾಪದ, ಹತ್ತಿರ ಹೋದಾಗ ಇನ್ನೊಂದು ಎಚ್ಚರ ಬೇಕು. ಒಂದೊಂದೇ ಸ್ಪಿನ್ ತಿರುಗಿಸುವ ಹಳೆಯ ವಿಧಾನದಲ್ಲಿ ಚೌಕದ ಬದಿ ಇಮ್ಮಡಿಯಾದರೆ, ವ್ಯವಸ್ಥೆ ತನ್ನ ಹಿಂದಿನದನ್ನು ಮರೆಯಲು ನಾಲ್ಕೂವರೆ ಪಟ್ಟು ಹೆಚ್ಚು ಸುತ್ತು ಬೇಕು. ಒಂದು ಗುಂಪನ್ನೇ ಒಟ್ಟಿಗೆ ತಿರುಗಿಸುವ ಸ್ವೆಂಡ್ಸನ್-ವಾಂಗ್ ವಿಧಾನ 1987ರಲ್ಲಿ ಬಂತು, ನಮ್ಮಂಥವರಿಗೆ ಅದೊಂದು ವರದಾನ.

ಆದರೆ ಅರ್ಧ ಪುಟದ ಲೆಕ್ಕದ ನಿಜವಾದ ಕಸುವು ಕಾಣುವುದು ಸಮಸ್ಯೆ ಗೋಜಲಾದಾಗ. ಪ್ರತಿ ಸ್ಪಿನ್‌ನ ಮೇಲೂ ಒಂದು ಯಾದೃಚ್ಛಿಕ ಕ್ಷೇತ್ರ ಹಾಕಿ, ಕೆಲವನ್ನು ಮೇಲಕ್ಕೆ, ಕೆಲವನ್ನು ಕೆಳಕ್ಕೆ ಎಳೆಯುವಂತೆ. ಶಿಸ್ತು ಉಳಿಯುತ್ತದೆಯೇ? 1975ರಲ್ಲಿ ಯೋಸೆಫ್ ಇಮ್ರಿ ಮತ್ತು ಶಾಂಗ್-ಕೆಂಗ್ ಮಾ ಮತ್ತೆ ಗೋಡೆಯನ್ನೇ ಹಿಡಿದರು. ಮೂರು ಆಯಾಮದಲ್ಲಿ ಒಂದು ದ್ವೀಪವನ್ನು ಮಗುಚಿದರೆ ಗೋಡೆಯ ಖರ್ಚು ಅಗಲದ ವರ್ಗದಂತೆ ಏರುತ್ತದೆ. ಕ್ಷೇತ್ರದಿಂದ ಸಿಗುವ ಲಾಭ ಗಾತ್ರದ ವರ್ಗಮೂಲದಂತೆ, ಅಂದರೆ ಅಗಲದ ಒಂದೂವರೆ ಘಾತದಂತೆ ಮಾತ್ರ ಏರುತ್ತದೆ. ದ್ವೀಪ ದೊಡ್ಡದಾದಷ್ಟೂ ಖರ್ಚೇ ಮುಂದು, ಹಾಗಾಗಿ ಕ್ಷೇತ್ರ ಕ್ಷೀಣವಾಗಿದ್ದರೆ ಶಿಸ್ತು ನಿಲ್ಲಬೇಕು.

1979ರಲ್ಲಿ ಜಾರ್ಜಿಯೋ ಪರಿಸಿ ಮತ್ತು ನಿಕೋಲಸ್ ಸೂರ್ಲಾಸ್ ಬಹು ಸುಂದರವಾದ ಬೇರೊಂದು ಸಿದ್ಧಾಂತ ಕೊಟ್ಟರು. ಅದರ ಪ್ರಕಾರ ಈ ಕ್ಷೇತ್ರವಿರುವ ಮೂರು ಆಯಾಮ, ಕ್ಷೇತ್ರವಿಲ್ಲದ ಒಂದು ಆಯಾಮಕ್ಕೆ ಸಮ. ಒಂದು ಆಯಾಮದಲ್ಲಿ ಶಿಸ್ತಿಲ್ಲ ಎಂದು ಐಸಿಂಗ್ ತೋರಿಸಿಯಾಗಿತ್ತಲ್ಲ. ವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ 1984ರಲ್ಲಿ ಜಾನ್ ಇಂಬ್ರಿ ಸೊನ್ನೆ ತಾಪಕ್ಕೆ, 1987ರಲ್ಲಿ ಬ್ರಿಕ್ಮಾಂಟ್ ಮತ್ತು ಕುಪಿಯಾಯ್ನೆನ್ ಕೆಳತಾಪಗಳಿಗೆ ಗಣಿತದ ಪುರಾವೆ ಕೊಟ್ಟರು. ಮೂರು ಆಯಾಮದಲ್ಲಿ ಶಿಸ್ತು ಇದೆ. ಶಕ್ತಿ ಕನಿಷ್ಠವಾಗುವ ತಾಣಗಳು ಹಲವಿದ್ದಾಗ, ಒಂದೇ ತಾಣವನ್ನು ನೆಚ್ಚಿಕೊಂಡ ಪರಿಸಿ-ಸೂರ್ಲಾಸ್ ಸರಣಿಯಂಥದ್ದು ಎಷ್ಟೇ ಅಂದವಾಗಿರಲಿ ದಾರಿ ತಪ್ಪುತ್ತದೆ. ಸಮ್ಮಿತಿಯ ಸೊಗಸಿಗೆ ಮನಸೋಲುವ ವಯಸ್ಸಿನಲ್ಲಿ ಈ ಕಥೆ ಓದಿದ್ದು ನನ್ನ ಪುಣ್ಯ.

ಈಗ ನನ್ನ ವಿದ್ಯಾರ್ಥಿಗಳಿಗೆ ಇದೇ ಕಥೆ ಹೇಳಿ, ಎರಡು ಆಯಾಮದ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸುತ್ತೇನೆ. ಅಲ್ಲಿ ಖರ್ಚೂ ಲಾಭವೂ ಅಗಲದ ಜೊತೆ ಒಂದೇ ಸಮನೆ ಏರುತ್ತವೆ, ಲೆಕ್ಕ ಯಾವ ಕಡೆಗೂ ವಾಲುವುದಿಲ್ಲ. “ಸರ್, ಹಾಗಾದ್ರೆ ಉತ್ತರ?” ಎಂದು ಒಬ್ಬರಾದರೂ ಕೇಳುತ್ತಾರೆ. ಆ ಪ್ರಶ್ನೆ ಬಂದ ಮೇಲೆಯೇ ಐಜೆನ್‌ಮನ್ ಮತ್ತು ವೆಹ್ರ್ ಅವರ 1989ರ ಕೆಲಸವನ್ನು ಮುಂದಿಡುತ್ತೇನೆ. ಎರಡು ಆಯಾಮದಲ್ಲಿ ಕ್ಷೇತ್ರ ಎಷ್ಟೇ ದುರ್ಬಲವಿದ್ದರೂ ಶಿಸ್ತು ಉಳಿಯದು ಎಂದು ಅವರು ಸಾಧಿಸಿದ್ದಾರೆ. ಅರ್ಧ ಪುಟಕ್ಕೆ ಬಗ್ಗದ ಜಾಗ ಯಾವುದೆಂದು ಗೊತ್ತಿರುವುದರಿಂದ, ಆ ಉದ್ದನೆಯ ಪುರಾವೆಯನ್ನು ವಿದ್ಯಾರ್ಥಿಗಳು ಎಲ್ಲೂ ಹಾರಿಸದೆ ಓದುತ್ತಾರೆ.